ಸಂಬಳದ ಟಿಡಿಎಸ್: ಸುಳ್ಳು ರಸೀದಿಯ ಅಪಾಯ, ನೌಕರನ ಹಕ್ಕು

ಸಂಬಳ ಕೊಡುವವರು ಪ್ರತಿ ತಿಂಗಳೂ ಆದಾಯ ತೆರಿಗೆ ಮುರಿದುಕೊಂಡೇ ಉಳಿದ ಹಣ ಕೊಡಬೇಕೆಂಬುದು 1961ರ ಆದಾಯ ತೆರಿಗೆ ಕಾಯ್ದೆಯ 192ನೇ ಕಲಮಿನ ನಿಯಮ. (2026ರ ಏಪ್ರಿಲ್ 1ರಿಂದ ಅನ್ವಯವಾಗುವ 2025ರ ಕಾಯ್ದೆಯಲ್ಲಿ ಕಲಮುಗಳ ಸಂಖ್ಯೆ ಬೇರೆ, ಇಲ್ಲಿರುವುದೆಲ್ಲ 1961ರ ಕಾಯ್ದೆಯದು.) ಹೀಗೆ ಮುರಿದುಕೊಂಡ ಹಣ (ಟಿಡಿಎಸ್) ನೌಕರನ ತೆರಿಗೆಯ ಲೆಕ್ಕಕ್ಕೇ ಜಮೆಯಾಗುತ್ತದೆ. ಕಡಿತ ತಪ್ಪಿಸಿಕೊಂಡರೂ ತೆರಿಗೆ ತಪ್ಪುವುದಿಲ್ಲ, ಮೇಲೆ ಬಡ್ಡಿ ಬೀಳುತ್ತದೆ. ತೆರಿಗೆ ಬೀಳುವಷ್ಟು ಸಂಬಳವಿದ್ದೂ ಪ್ಯಾನ್ ಕೊಡದಿದ್ದರೆ ಕಡಿತದ ದರ ಕನಿಷ್ಠ ಶೇ 20.

ಕಡಿತ ತಗ್ಗಿಸಲು ಸುಳ್ಳು ರಸೀದಿ ಕೊಟ್ಟು ಹಲವರು ಸಿಕ್ಕಿಬೀಳುವುದು ಮನೆಬಾಡಿಗೆ ಭತ್ಯೆಯ ವಿನಾಯಿತಿಯಲ್ಲಿ. ಹಳೆಯ ತೆರಿಗೆ ಪದ್ಧತಿ ಆರಿಸಿಕೊಂಡವರಿಗೆ ಮಾತ್ರ ಇರುವ ಈ ವಿನಾಯಿತಿಗಾಗಿ ನೌಕರ ಫಾರಂ 12ಬಿಬಿಗೆ ಸಹಿ ಹಾಕಿ ರಸೀದಿ ಲಗತ್ತಿಸುತ್ತಾನೆ. ವರ್ಷದ ಬಾಡಿಗೆ ₹1 ಲಕ್ಷ ಮೀರಿದರೆ ಮನೆ ಮಾಲೀಕರ ಪ್ಯಾನ್ ಕೊಡಲೇಬೇಕು. ಅದು ಕಂಪನಿಯ ಟಿಡಿಎಸ್ ವಿವರಪಟ್ಟಿಯ ಮೂಲಕ ಇಲಾಖೆಗೆ ತಲುಪುತ್ತದೆ. ಮಾಲೀಕರ ರಿಟರ್ನ್‌ನಲ್ಲಿ ಆ ಬಾಡಿಗೆ ಇಲ್ಲದಿದ್ದರೆ ವ್ಯತ್ಯಾಸ ಬಯಲಾಗುತ್ತದೆ.

ಶೇ 30ರ ಹಂತದಲ್ಲಿರುವವರು ₹3 ಲಕ್ಷದ ಸುಳ್ಳು ವಿನಾಯಿತಿ ತೋರಿಸಿದರೆ, ಸೆಸ್ ಸೇರಿ ಉಳಿಯುವುದು ₹93,600. ಅದೇ ಸುಳ್ಳು ರಿಟರ್ನ್‌ಗೂ ಹೋಗಿ ಸಿಕ್ಕಿಬಿದ್ದರೆ ಆ ತೆರಿಗೆಯ ಜೊತೆಗೆ 270ಎ ಕಲಮಿನಡಿ ಶೇ 200ರ ದಂಡ, ಅಂದರೆ ₹1,87,200. ಬಡ್ಡಿ ಬಿಟ್ಟೇ ₹2,80,800 ಕಟ್ಟಬೇಕು. ಉದ್ದೇಶಪೂರ್ವಕ ವಂಚನೆಗೆ 276ಸಿ ಕಲಮಿನಡಿ ಜೈಲು ಶಿಕ್ಷೆಯೂ ಉಂಟು. ಏಜೆಂಟ್ ತುಂಬಿಕೊಟ್ಟ, ಆಫೀಸಿನಲ್ಲಿ ಎಲ್ಲರೂ ಹೀಗೇ ಮಾಡುತ್ತಾರೆ ಎಂಬ ಮಾತು ನಡೆಯದು. ಹೊಣೆ ಸಹಿ ಹಾಕಿದವರದೇ. ಕಮಿಷನ್ ಪಡೆದು ಸುಳ್ಳು ವಿನಾಯಿತಿ ತುಂಬುತ್ತಿದ್ದವರ ಮೇಲೆ ಇಲಾಖೆ 2025ರ ಜುಲೈನಲ್ಲಿ ದೇಶದ 150 ಕಡೆ ಶೋಧ ನಡೆಸಿತ್ತು.

ತಪ್ಪು ಆಗಿಹೋಗಿದ್ದರೆ ನೋಟಿಸ್‌ಗೆ ಕಾಯಬಾರದು. ಕರನಿರ್ಧಾರಣಾ ವರ್ಷ ಮುಗಿದು 48 ತಿಂಗಳವರೆಗೆ ಬಾಕಿ ತೆರಿಗೆಯೊಂದಿಗೆ ಅಪ್‌ಡೇಟೆಡ್ ರಿಟರ್ನ್ ಸಲ್ಲಿಸಬಹುದು. ತಡವಾದಷ್ಟೂ ಹೆಚ್ಚುವರಿ ಮೊತ್ತ ಶೇ 25ರಿಂದ 70ಕ್ಕೆ ಏರುತ್ತದೆ.

ಕಡಿತ ತಗ್ಗಿಸುವ ನೇರ ದಾರಿಗಳೂ ಇವೆ. ತಂದೆ ತಾಯಿಯ ಹೆಸರಿನ ಮನೆಯಲ್ಲಿದ್ದು ಅವರಿಗೆ ನಿಜವಾಗಿ ಬಾಡಿಗೆ ಕೊಡುವುದು ತಪ್ಪಲ್ಲ. ಹಣ ಬ್ಯಾಂಕ್ ಮೂಲಕ ಹೋಗಿರಬೇಕು, ಅವರು ಅದನ್ನು ತಮ್ಮ ಆದಾಯವೆಂದು ತೋರಿಸಿರಬೇಕು. ವರ್ಷದ ತೆರಿಗೆ ಕಡಿಮೆಯೇ ಆಗುವಂತಿದ್ದರೆ 197ನೇ ಕಲಮಿನಡಿ ಕಡಿಮೆ ಕಡಿತದ ಪ್ರಮಾಣಪತ್ರಕ್ಕೆ ಅರ್ಜಿ ಹಾಕಬಹುದು.

ಬಹಳ ನೌಕರರಿಗೆ ತಿಳಿಯದ ರಕ್ಷಣೆಯೊಂದು 205ನೇ ಕಲಮಿನಲ್ಲಿದೆ. ಕಂಪನಿ ತೆರಿಗೆ ಮುರಿದುಕೊಂಡು ಸರ್ಕಾರಕ್ಕೆ ಕಟ್ಟದಿದ್ದರೆ, ಆ ಹಣವನ್ನು ಇಲಾಖೆ ನೌಕರನಿಂದ ವಸೂಲು ಮಾಡುವಂತಿಲ್ಲ. ಆದರೆ ಕಡಿತವಾಗಿದ್ದನ್ನು ತೋರಿಸಬೇಕಾಗುತ್ತದೆ; ಆದ್ದರಿಂದ ತೆರಿಗೆ ಜಮೆಯ ವಿವರವಿರುವ ಫಾರಂ 26ಎಎಸ್ ಅನ್ನು ಆಗಾಗ ತೆರೆದು ನೋಡಬೇಕು. ಮುರಿದ ಹಣ ಅಲ್ಲಿ ಕಾಣದಿದ್ದರೆ ಕಂಪನಿಗೆ ಲಿಖಿತವಾಗಿ ತಿಳಿಸಿ, ಕಡಿತ ನಮೂದಾಗಿರುವ ಸಂಬಳದ ಚೀಟಿಗಳನ್ನೂ ಬ್ಯಾಂಕ್ ವಿವರವನ್ನೂ ಜೋಪಾನ ಮಾಡಬೇಕು; ಇಲಾಖೆ ಬಾಕಿ ಕೇಳಿದಾಗ ಉತ್ತರದ ಜೊತೆ ಇಡಬೇಕಾದ ದಾಖಲೆ ಇವೇ.