ಗಣಿಯಿಲ್ಲದ ಊರಿನ ತಮ್ಮನಿಗೆ

ಪ್ರೀತಿಯ ತಮ್ಮಾ,

ಗೌರಿಬಿದನೂರಿನಲ್ಲಿ ಗಣಿಯಿಲ್ಲ, ಬಂದರಿಲ್ಲ, ಉತ್ತರ ಪಿನಾಕಿನಿಯಲ್ಲಿ ನೀರು ಹರಿಯುವ ದಿನಗಳೂ ಕಡಿಮೆ; ಇಲ್ಲಿದ್ದು ಏನು ಮಾಡಲಿ ಎಂದು ನಿನ್ನ ವಯಸ್ಸಿನವರು ಕೇಳುತ್ತಾರೆ. ನೆಲದೊಳಗೆ ಸಿಕ್ಕಿದ್ದೇ ಸಿರಿ ಎಂಬ ನಂಬಿಕೆ ಆ ಮಾತಿನ ಹಿಂದಿದೆ. ನಾನು ಅದನ್ನು ಒಪ್ಪುವುದಿಲ್ಲ. ಪಶ್ಚಿಮ ಆಫ್ರಿಕಾದ ಹಳೆಯ ಘಾನಾ ರಾಜ್ಯಕ್ಕೆ ಚಿನ್ನದ ನಾಡೆಂಬ ಹೆಸರಿತ್ತು. ಆದರೆ ಬಂಬುಕ್‌ನ ಚಿನ್ನದ ನೆಲ ಅದರ ನೇರ ಆಳ್ವಿಕೆಯಲ್ಲಿರಲಿಲ್ಲ. ತೆಂಕಣದ ಚಿನ್ನ, ಸಹಾರಾದ ಉಪ್ಪು ಎರಡೂ ಕೈಬದಲಾಗುವ ದಾರಿ ಅದರ ವಶದಲ್ಲಿತ್ತು. ಕತ್ತೆ ಹೊರೆಯಷ್ಟು ಉಪ್ಪು ಒಳಬಂದರೆ ಒಂದು ದಿನಾರ್ ಸುಂಕ, ಹೊರಹೋದರೆ ಎರಡು ಎಂದು 11ನೇ ಶತಮಾನದ ಅರಬ್ ಭೂಗೋಳಕಾರ ಅಲ್ ಬಕ್ರಿ ಬರೆದಿದ್ದಾನೆ.

ನಮ್ಮದೇ ಹಳೆಯ ಜಿಲ್ಲೆಯನ್ನು ನೋಡು. 2007ರವರೆಗೆ ನಾವೂ ಕೋಲಾರದವರೇ. ಅಲ್ಲಿಯ ಚಿನ್ನದ ಗಣಿಯನ್ನು 1880ರ ಹೊತ್ತಿಗೆ ಜಾನ್ ಟೇಲರ್ ಕಂಪನಿ ಹಿಡಿಯಿತು. 1902ರಲ್ಲಿ ಶಿವನಸಮುದ್ರದ ವಿದ್ಯುತ್ ಅಲ್ಲಿಗೆ ಬಂತು, ಬೆಂಗಳೂರಿಗೂ ಮೊದಲು. ಚಿನ್ನದ ಲೆಕ್ಕ ಮಾತ್ರ ಲಂಡನ್ನಿನಲ್ಲಿ ನಡೆಯಿತು, ಮೈಸೂರಿಗೆ ರಾಜಧನ ಸಂದಿತು. 2001ರಲ್ಲಿ ಗಣಿ ಮುಚ್ಚಿದಾಗ, ತಲೆಮಾರುಗಳಿಂದ ಪಾತಾಳಕ್ಕಿಳಿದು ದುಡಿದ ಮನೆಗಳಿಗೆ ಬೇರೆ ಆಸರೆ ಇರಲಿಲ್ಲ. ರಾಜಧನದಿಂದ ಸಂಸ್ಥಾನಕ್ಕೆ ಒಳ್ಳೆಯದಾಗಲಿಲ್ಲವೇ ಎನ್ನಬಹುದು. ಆಯಿತು, ಅಗೆದವರಿಗಲ್ಲ, ಪಾಲು ಕೇಳುವ ಹಕ್ಕಿದ್ದವರಿಗೆ.

ಇನ್ನು ರೇಷ್ಮೆಗೂಡಿನ ಹರಾಜು ನಡೆಯುವ ಶಿಡ್ಲಘಟ್ಟ. ಮೈಸೂರು ಸೀಮೆಯಲ್ಲಿ ರೇಷ್ಮೆ ಟಿಪ್ಪುವಿನ ಕಾಲದಲ್ಲಿ ಬೇರೂರಿತು. ಅದು ನೆಲ ತಾನಾಗಿ ಕೊಟ್ಟದ್ದಲ್ಲ, ಜನ ಕಲಿತು ಬೆಳೆಸಿದ್ದು. 1959ರ ಕಾಯ್ದೆ ಗೂಡಿನ ಮಾರಾಟವನ್ನು ಸರ್ಕಾರಿ ಮಾರುಕಟ್ಟೆಯ ಬಹಿರಂಗ ಹರಾಜಿಗೆ ತಂದಿತು. ಹಾಗಾಗಿ ಅರ್ಧ ಎಕರೆ ಹಿಪ್ಪುನೇರಳೆ ಇಟ್ಟವನ ಲಾಟಿಗೂ, ಗೂಡಿನಿಂದ ನೂಲು ಬಿಚ್ಚುವ ಹತ್ತಾರು ರೀಲರ್‌ಗಳು ಪೈಪೋಟಿಯಲ್ಲಿ ಬೆಲೆ ಹೇಳಬೇಕು. ಸರಿಬಾರದಿದ್ದರೆ ಒಲ್ಲೆ ಎನ್ನುವ ಹಕ್ಕು ರೈತನದು. ಈ ಸೀಮೆಯ ಅನೇಕ ಮನೆಗಳ ಮದುವೆ, ಓದು, ಸಾಲ ತೀರಿಕೆ ಆ ಹರಾಜಿನ ಮೇಲೆ ನಿಂತಿವೆ. ನಮ್ಮ ನಿಜವಾದ ಸಂಪತ್ತೆಂದು ನಾನು ಎಣಿಸುವುದು ಆ ಹರಾಜು ಕಟ್ಟೆಯನ್ನೇ.

ಹಾಗಾದರೆ ಗೂಡಿನ ಬೆಲೆ ಯಾಕೆ ಕುಸಿಯುತ್ತದೆ ಎಂದು ನೀನು ಕೇಳುವುದು ನ್ಯಾಯ. ಚೀನಾದ ನೂಲು ಒಳಬಂದಾಗಲೆಲ್ಲ ಇಲ್ಲಿನ ಹರಾಜು ನಡುಗಿದೆ. ಆಫ್ರಿಕಾದಲ್ಲೂ ಹೀಗೆಯೇ ಆಯಿತು: ಪೋರ್ಚುಗೀಸರು 1482ರಲ್ಲಿ ಅಲ್ಲಿನ ಕರಾವಳಿಯ ಎಲ್ಮಿನಾದಲ್ಲಿ ಕೋಟೆ ಕಟ್ಟಿದ ಮೇಲೆ ಚಿನ್ನದ ಒಂದು ಪಾಲು ಮರಳುಗಾಡು ಬಿಟ್ಟು ಕಡಲಿನ ಕಡೆ ತಿರುಗಿತು. ಕಟ್ಟೆ ಕೈಯಲ್ಲಿದ್ದರೂ ದಾರಿ ಬದಲಾದರೆ ಸಾಲದು, ನಿಜ. ನೀರಿನ ಮಾತು ಇನ್ನೂ ಕಠಿಣ. ಕೊಳವೆಬಾವಿ ಸಾವಿರ ಅಡಿ ದಾಟಿದ ಕಡೆ ಹನಿ ನೀರಾವರಿಯಿಲ್ಲದೆ ಹಿಪ್ಪುನೇರಳೆಯೂ ಉಳಿಯದು. ಇವೆರಡಕ್ಕೂ ಉತ್ತರ ಊರು ಬಿಡುವುದಲ್ಲ, ದಾರಿಯ ಮುಂದಿನ ತುಣುಕನ್ನೂ ನಮ್ಮ ಕೈಗೆ ತಂದುಕೊಳ್ಳುವುದು. ನಮ್ಮ ನೂಲು ಧರ್ಮಾವರಕ್ಕೆ, ಕಂಚಿಗೆ ಹೋಗಿ ಸೀರೆಯಾಗುತ್ತದೆ. ಬಿಚ್ಚಾಣಿಕೆ, ಹುರಿ, ಬಣ್ಣ, ನೇಯ್ಗೆ ಒಂದೊಂದರಲ್ಲೂ ಯಾರು ಎಷ್ಟು ಗಳಿಸುತ್ತಾರೆ ಎಂಬ ಲೆಕ್ಕವನ್ನು ನೀನು ಬರೆದಿಡಬೇಕು. ವಾಣಿಜ್ಯ ಓದುತ್ತಿರುವ ನಿನಗೆ ಇದು ಕಷ್ಟವಲ್ಲ. ಮೊದಲು ಶಿಡ್ಲಘಟ್ಟದ ಹರಾಜಿಗೆ ಹೋಗು. ರೈತನ ಪಕ್ಕದಲ್ಲಷ್ಟೇ ಅಲ್ಲ, ರೀಲರ್ ಪಕ್ಕದಲ್ಲೂ ನಿಂತು ನೋಡು.

ನಿನ್ನ ಹಿತೈಷಿ