ಅಘನಾಶಿನಿ ಟ್ರಿಪ್: ಮೊದಲು ಇಳಿತದ ಟೈಮ್ ನೋಡಿ

ಹೋದ ಜನವರಿಯಲ್ಲಿ ನಾವು ಆರು ಜನ ಕುಮಟಾಕ್ಕೆ ಹೋಗಿದ್ವಿ. ಶುಕ್ರವಾರ ಇಂಟರ್ನಲ್ಸ್ ಮುಗೀತು, ರಾತ್ರಿ ಬಸ್ ಹತ್ತಿದ್ವಿ. ನಮ್ಮ ಪ್ಲಾನಿಂಗ್ ಅಂದ್ರೆ ಇಷ್ಟೇ. ಶನಿವಾರ ಬೆಳಿಗ್ಗೆ ಆರಕ್ಕೆ ಬೈನಾಕ್ಯುಲರ್ ಹಿಡಿದು ಅಘನಾಶಿನಿ ಅಳಿವೆಯ ದಡದಲ್ಲಿ ನಿಂತ್ರೆ ಕಂಡಿದ್ದು ಬರೀ ನೀರು. ಹಕ್ಕಿಗಳೇ ಇಲ್ಲ. ಮಧ್ಯಾಹ್ನ ನೀರಿಳಿದು ಕೆಸರು ಬಯಲಾದಾಗ ನಾವು ಊಟ ಮಾಡಿ ನಿದ್ದೆ ಹೊಡೀತಿದ್ವಿ. ಅವತ್ತು ರಾತ್ರಿ ಮಾಡಿದ ತಪ್ಪು ಇದಕ್ಕಿಂತ ದೊಡ್ಡದು. ಅದನ್ನು ಕೊನೆಯಲ್ಲಿ ಹೇಳ್ತೀನಿ.

ಈ ಜಾಗವೇ ಯಾಕೆ?

ಉತ್ತರ ಕನ್ನಡದಲ್ಲಿ ಘಟ್ಟ ಸಮುದ್ರಕ್ಕೆ ತುಂಬಾ ಹತ್ತಿರ. ಮಳೆ ವರ್ಷಕ್ಕೆ ಮೂರು ಸಾವಿರ ಮಿಲಿಮೀಟರಿಗೂ ಹೆಚ್ಚು. ಅಘನಾಶಿನಿ ಶಿರಸಿ ಕಡೆ ಹುಟ್ಟಿ, ಉಂಚಳ್ಳಿಯಲ್ಲಿ ಧುಮುಕಿ, ನಿತ್ಯಹರಿದ್ವರ್ಣ ಕಾಡಿನ ನಡುವೆ ಹರಿದು ಕುಮಟಾ ಹತ್ತಿರ ಕಡಲು ಸೇರುತ್ತೆ. ಅದಕ್ಕೆ ಎಲ್ಲೂ ದೊಡ್ಡ ಅಣೆಕಟ್ಟಿಲ್ಲ. ಇದರ ಅಳಿವೆ 2024ರಲ್ಲಿ ರಾಮ್ಸರ್ ಪಟ್ಟಿಗೆ ಸೇರಿತು. ಅಂದರೆ ಒಂದೇ ವಾರಾಂತ್ಯದಲ್ಲಿ ಮೇಲೆ ಸಿಂಗಳೀಕ, ಕೆಳಗೆ ವಲಸೆ ಹಕ್ಕಿ, ಎರಡನ್ನೂ ನೋಡುವ ಅವಕಾಶ ಇದೆ.

ಹಂತ 1: ತಿಂಗಳು

ಜೂನ್‌ನಿಂದ ಸೆಪ್ಟೆಂಬರ್ ಮಳೆ. ಕಪ್ಪೆ ನೋಡೋಕೆ ಒಳ್ಳೇದು, ಆದರೆ ಕಡಲಿಗಿಳಿಯೋದು ಅಪಾಯ, ಕಾಡಿನಲ್ಲಿ ಉಂಬಳದ ಕಾಟ. ಚಳಿಗಾಲದಲ್ಲಿ ವಲಸೆ ಹಕ್ಕಿಗಳಿರುತ್ತವೆ, ಕಡಲಾಮೆಗಳು ಮೊಟ್ಟೆಯಿಡಲು ದಡಕ್ಕೆ ಬರುತ್ತವೆ. ಎರಡೂ ಬೇಕಿದ್ರೆ ಡಿಸೆಂಬರ್‌ನಿಂದ ಫೆಬ್ರವರಿ ಸರಿ.

ಹಂತ 2: ದಿನಾಂಕ

ಇಲ್ಲಿ ಸ್ವಲ್ಪ ಲೆಕ್ಕ. ಒಂದು ಇಳಿತದಿಂದ ಇನ್ನೊಂದು ಇಳಿತಕ್ಕೆ ಸುಮಾರು 12 ಗಂಟೆ 25 ನಿಮಿಷ. ಹಾಗಾಗಿ ದಿನಕ್ಕೆ ಸುಮಾರು 50 ನಿಮಿಷ ತಡ ಆಗುತ್ತಾ ಹೋಗುತ್ತೆ. ಈ ಶನಿವಾರ ಬೆಳಿಗ್ಗೆ 6ಕ್ಕೆ ಇಳಿತ ಇದ್ರೆ, ಏಳು ದಿನಕ್ಕೆ 350 ನಿಮಿಷ ಸೇರಿ ಮುಂದಿನ ಶನಿವಾರ ಅದು 11:50ರ ಹೊತ್ತಿಗೆ. ಅಂದರೆ ಅವತ್ತು 6ರ ಸುಮಾರಿಗೆ ನೀರು ಪೂರ್ತಿ ಏರಿರುತ್ತೆ. ನಮಗಾಗಿದ್ದು ಇದೇ. ಒಂದು ವಾರ ಆಚೀಚೆ ಮಾಡಿದ್ರೆ ಸಾಕಿತ್ತು!

ಬಳಚು, ಹುಳ, ಏಡಿ ಎಲ್ಲಾ ಕೆಸರಿನಲ್ಲಿರುತ್ತವೆ. ಕೆಸರು ತೆರೆದರೆ ಮಾತ್ರ ಹಕ್ಕಿಗೆ ಊಟ. ಇದು ಅಂದಾಜು ಲೆಕ್ಕ, ಹೊರಡುವ ಮುಂಚೆ ಕಾರವಾರದ ಟೈಡ್ ಟೇಬಲ್ ನೋಡಿ. ಬೆಳಿಗ್ಗೆ 7ರ ಆಸುಪಾಸು ಇಳಿತ ಇರುವ ಶನಿವಾರ ಆರಿಸಿ. ಇಳಿತ ಮುಗಿದು ನೀರು ಏರುವಾಗಲೂ ಅಲ್ಲೇ ಇರಿ, ನೀರು ಹಕ್ಕಿಗಳನ್ನ ದಡದ ಹತ್ತಿರಕ್ಕೆ ತರುತ್ತೆ.

ಹಂತ 3: ಘಟ್ಟ

ಭಾನುವಾರ ನಸುಕಿಗೇ ಪಕ್ಕದ ಶರಾವತಿ ಕಣಿವೆಗೆ ಹೊರಡಿ: ಹೊನ್ನಾವರ–ಗೇರುಸೊಪ್ಪ–ಜೋಗ ರಸ್ತೆ. ಸಿಂಗಳೀಕ ಪಶ್ಚಿಮ ಘಟ್ಟ ಬಿಟ್ಟು ಪ್ರಪಂಚದಲ್ಲಿ ಬೇರೆಲ್ಲೂ ಸಹಜವಾಗಿ ಇಲ್ಲ. ಮರದ ನೆತ್ತಿಯಲ್ಲೇ ಅದರ ಬದುಕು, ಹಾಗಾಗಿ ಕೊಂಬೆ ಅಲ್ಲಾಡುವ ಸದ್ದಿಗೆ ಕಿವಿ ಕೊಡಿ. ಬಾಳೆಹಣ್ಣು, ಚಿಪ್ಸ್ ಕೊಡಲೇಬೇಡಿ. ತಿನ್ನೋಕೆ ರಸ್ತೆಗಿಳಿಯೋದು ಕಲಿತ ಕೋತಿ ಗಾಡಿಗೆ ಸಿಕ್ಕಿ ಸಾಯುತ್ತೆ. ರಸ್ತೆ ಬಿಟ್ಟು ಒಳಗೆ ಹೋಗೋದಿದ್ರೆ ಅರಣ್ಯ ಇಲಾಖೆಯ ಅನುಮತಿ ಬೇಕು. ವಾಪಸ್ ಬರುವಾಗ ಹೊನ್ನಾವರದ ಕಾಂಡ್ಲಾವನದ ನಡಿಗೆ ದಾರಿ ಬಿಡಬೇಡಿ.

ಹಂತ 4: ರಾತ್ರಿ

ಈಗ ನಮ್ಮ ತಪ್ಪು. ಶನಿವಾರ ರಾತ್ರಿ ದಡದಲ್ಲಿ ಬೆಂಕಿ ಹಾಕಿ, ಮೊಬೈಲ್ ಟಾರ್ಚ್ ಹಚ್ಚಿ, ಹನ್ನೆರಡರವರೆಗೆ ಅಂತ್ಯಾಕ್ಷರಿ ಆಡಿದ್ವಿ. ಬೆಳಿಗ್ಗೆ ಮರಳಲ್ಲಿ ಟ್ರ್ಯಾಕ್ಟರ್ ಚಕ್ರದಂಥ ಗುರುತು ಕಂಡಿತು. ನೀರಿನಿಂದ ಮೇಲೆ ಬಂದು, ನಮ್ಮ ಬೂದಿಗೆ ಹದಿನೈದು ಹೆಜ್ಜೆ ದೂರದಲ್ಲಿ ಅರ್ಧ ಸುತ್ತು ತಿರುಗಿ, ವಾಪಸ್ ನೀರಿಗೇ ಹೋಗಿತ್ತು. ಗುಂಡಿ ತೋಡಿದ ಗುರುತಿಲ್ಲ. ಬಲೆ ಬಿಡಿಸ್ತಿದ್ದ ಅಜ್ಜ ಬಂದು ನೋಡಿ, "ತಮಾ, ಆಮೆ ಬಂದಿತ್ತು. ನಿಮ್ಮ ಬೆಂಕಿ ಕಂಡು ತಿರುಗಿ ಹೋಯ್ತು" ಅಂದ್ರು. ಬೈಲಿಲ್ಲ. ಬೈದಿದ್ರೆ ಹಗುರ ಅನ್ನಿಸ್ತಿತ್ತೇನೋ.

ಮೊಟ್ಟೆಯಿಡಲು ಬರುವ ಆಮೆ ಬೆಳಕು, ಓಡಾಟ ಕಂಡರೆ ಹಿಂದಿರುಗುತ್ತೆ. ಮರಿಗಳಿಗೆ ಕಷ್ಟ ಇನ್ನೂ ಜಾಸ್ತಿ: ಕಡಲಿನ ಮೇಲಿನ ಮಂದ ಬೆಳಕೇ ಅವಕ್ಕೆ ದಾರಿ, ನಮ್ಮ ದೀಪ ಕಂಡರೆ ಉಲ್ಟಾ ನಡೆಯುತ್ತವೆ. ಆದ್ದರಿಂದ ಆ ತಿಂಗಳುಗಳಲ್ಲಿ ದಡದಲ್ಲಿ ಬೆಂಕಿ, ಟಾರ್ಚ್, ಫ್ಲ್ಯಾಶ್ ಬೇಡ. ಗೂಡು ಕಂಡರೆ ಮುಟ್ಟದೆ ಅರಣ್ಯ ಇಲಾಖೆಗೆ ತಿಳಿಸಿ.

ಈ ಡಿಸೆಂಬರ್‌ಗೆ ಮತ್ತೆ ಹೊರಟಿದ್ದೀವಿ. ಟೈಡ್ ಟೇಬಲ್ ಪ್ರಿಂಟ್ ತೆಗೆದು ಹಾಸ್ಟೆಲ್ ರೂಮಿನ ಗೋಡೆಗೆ ಅಂಟಿಸಿ ಆಯ್ತು. ರಾತ್ರಿ ಅಂತ್ಯಾಕ್ಷರಿ ಈ ಸಲ ರೂಮಿನೊಳಗೆ, ಕಿಟಕಿ ಪರದೆ ಎಳೆದು.