ಪರದೇಶದಿಂದ ಊರಿಗೆ ಬರುವ ಮಕ್ಕಳ ಆರೋಗ್ಯ

ಪ್ರಶ್ನೆ: ನಮ್ಮ ಹಿರಿಯ ಮಗ ಮಹಾಲಿಂಗಪುರದಲ್ಲಿಯೇ ಹುಟ್ಟಿ ಬೆಳೆದವನು, ಬಹುಕಾಲದಿಂದ ಲಂಡನ್ನಿನಲ್ಲಿದ್ದಾನೆ. ಏಪ್ರಿಲ್ ತಿಂಗಳಲ್ಲಿ ಹೆಂಡತಿ, ಇಬ್ಬರು ಚಿಕ್ಕ ಮಕ್ಕಳೊಡನೆ ಬರಲಿದ್ದಾನೆ. ಲಸಿಕೆಯ ಮಾತೆತ್ತಿದರೆ, ‘ನನಗ್ಯಾಕ ಅವೆಲ್ಲಾ, ಇದ ನೀರು ಕುಡದು ಬೆಳದಾಂವ ನಾನು’ ಎನ್ನುತ್ತಾನೆ. ಅದು ಸರಿಯೆ?

ಉತ್ತರ: ಹುಟ್ಟಿದ ಊರಿನ ಮೇಲೆ ತಮ್ಮ ಚಿರಂಜೀವಿಗಿರುವ ಅಭಿಮಾನವು ಪ್ರಶಂಸನೀಯವೇ ಸರಿ. ಆದರೆ ನಿತ್ಯದ ಅನ್ನಪಾನಗಳ ಮೂಲಕ ಒಳಸೇರುವ ಸೂಕ್ಷ್ಮಜೀವಿಗಳ ಸಂಸರ್ಗದಿಂದ ದೇಹವು ಬಾಲ್ಯದಲ್ಲಿ ಸಂಪಾದಿಸಿಕೊಂಡ ಪ್ರತಿರೋಧಶಕ್ತಿಯು, ಆ ಸಂಸರ್ಗ ತಪ್ಪಿ ವರ್ಷಗಳುರುಳಿದಂತೆ ಕ್ಷೀಣಿಸುತ್ತ ಹೋಗುವುದರಿಂದ, ಅವರನ್ನೂ ತಮ್ಮ ಸೊಸೆ ಮೊಮ್ಮಕ್ಕಳಂತೆಯೇ ಈ ಉಷ್ಣದೇಶಕ್ಕೆ ಹೊಸಬರೆಂದು ಭಾವಿಸತಕ್ಕದ್ದು. ಬ್ರಿಟನ್ನಿನಲ್ಲಿ ಪತ್ತೆಯಾಗುವ ವಿಷಮಶೀತಜ್ವರದ, ಅಂದರೆ ಟೈಫಾಯ್ಡಿನ, ರೋಗಿಗಳಲ್ಲಿ ಬಹುಪಾಲು ಜನ ಭಾರತ, ಪಾಕಿಸ್ತಾನ, ಬಾಂಗ್ಲಾದೇಶಗಳಲ್ಲಿರುವ ಬಂಧುಗಳನ್ನು ಕಂಡು ಮರಳಿದವರೇ ಆಗಿರುತ್ತಾರೆ. ಅಪರಿಚಿತ ಪ್ರವಾಸಿಯು ಅಂಜಿ ನಡೆಯುತ್ತಾನೆ. ಮನೆಯ ಮಗನಿಗೆ ಆ ಅಂಜಿಕೆಯಿರುವುದಿಲ್ಲ. ಹೊರಡುವುದಕ್ಕೆ ಒಂದೂವರೆ ತಿಂಗಳು ಮುಂಚೆಯೇ ಅವರೆಲ್ಲರೂ ಅಲ್ಲಿನ ವೈದ್ಯರನ್ನು ಕಾಣಲಿ. ಟೈಫಾಯ್ಡಿನ ಲಸಿಕೆಯು ಫಲ ಕೊಡಲು ಸುಮಾರು ಎರಡು ವಾರ ಬೇಕಾಗುವುದು.

ಪ್ರಶ್ನೆ: ಬೀಗರ ಮನೆಗೆ, ನೆಂಟರ ಮನೆಗೆ ಹೋದರೆ ಮೊದಲು ಬೆಲ್ಲ, ತಂಬಿಗೆ ನೀರು ಕೊಡುತ್ತಾರೆ. ಒಲ್ಲೆನೆಂದರೆ ಮುನಿಸು. ಹೊಸದಾಗಿ ಬಂದ ಸೊಸೆ ಏನು ಮಾಡಬೇಕು?

ಉತ್ತರ: ಕೊಟ್ಟದ್ದನ್ನು ಬಲಗೈಯಿಂದ ವಿನಯದಿಂದ ಸ್ವೀಕರಿಸಲಿ, ಬೆಲ್ಲದ ಚೂರನ್ನು ಬಾಯಿಗೆ ಹಾಕಿಕೊಳ್ಳಲಿ, ತಂಬಿಗೆಯನ್ನು ಪಕ್ಕದಲ್ಲಿರಿಸಿ, ‘ಒಂದೀಟು ಚಹಾ ಮಾಡ್ರಿ ಅತ್ತಿ’ ಎಂದು ತಾವಾಗಿಯೇ ಕೇಳಲಿ. ಕೇಳಿ ಕುಡಿಯುವ ಅತಿಥಿಯನ್ನು ಕಂಡರೆ ನಮ್ಮ ಕಡೆಯ ಗೃಹಿಣಿಯರಿಗೆ ಹಿಗ್ಗು; ಕುದ್ದು ಬಂದ ಚಹಾದಲ್ಲಿ ರೋಗಾಣುಗಳು ಉಳಿದಿರುವುದಿಲ್ಲ. ಊಟದಲ್ಲಿಯೂ ಇದೇ ವಿವೇಕ ಸಾಕು. ಹಂಚಿನಿಂದ ಆಗತಾನೆ ಇಳಿದ ಜೋಳದ ರೊಟ್ಟಿ, ಬಿಸಿಯಾದ ಎಣ್ಣೆಗಾಯಿ, ಝುಣಕ ನಿರಪಾಯಕರ. ರೊಟ್ಟಿಯ ಜೊತೆಗಿಡುವ ಹಸಿ ಮೆಂತ್ಯ, ಹೆಚ್ಚಿದ ಸೌತೆಕಾಯಿ, ಉಳ್ಳಾಗಡ್ಡಿಗಳನ್ನು ಮೊದಲ ದಿನಗಳಲ್ಲಿ ಬಿಡುವುದು ಲೇಸು. ಸಂತೆಯಲ್ಲಿ ಕಬ್ಬಿನ ಹಾಲು ಕುಡಿಯಲು ಮಕ್ಕಳು ಹಟ ಹಿಡಿದರೆ ಬರ್ಫ ಮಾತ್ರ ಬೇಡವೆನ್ನಿರಿ ಎಂದು ಕೆಲವರು ಹೇಳುವುದುಂಟು. ಗಾಣವೂ ಗ್ಲಾಸೂ ಯಾವ ನೀರಿನಲ್ಲಿ ತೊಳೆದವೆಂಬುದನ್ನು ಅರಿಯದಿರುವಾಗ ನಾನು ಅಷ್ಟನ್ನೂ ಒಪ್ಪಲಾರೆ. ಇನ್ನು ಬಂಧುಗಳಲ್ಲಿಯೂ ನನ್ನದೊಂದು ಪ್ರಾರ್ಥನೆ: ನೀರನ್ನು ಒಂದು ನಿಮಿಷ ಮಳಮಳನೆ ಕುದಿಸಿ, ಆರಿಸಿ, ಮುಚ್ಚಿಡಿರಿ, ಕೊಡದಲ್ಲಿ ಕೈ ಅದ್ದಿ ಮೊಗೆಯದೆ ಹಿಡಿಯುಳ್ಳ ಸೌಟಿನಿಂದ ತೆಗೆಯಿರಿ, ಬೇಡವೆಂದವರನ್ನು ಆಣೆಯಿಟ್ಟು ಉಣಿಸಬೇಡಿರಿ.

ಪ್ರಶ್ನೆ: ಮೊಮ್ಮಗುವಿಗೆ ಭೇದಿ ಹತ್ತಿದರೆ ಮನೆಯಲ್ಲಿ ಏನು ಕೊಡಬೇಕು? ನಮ್ಮೂರ ಬೆಲ್ಲದ ಪಾನಕ ಆಗುವುದೆ?

ಉತ್ತರ: ಬೆಲ್ಲದ ಪೇಟೆಯವರು ಕೇಳತಕ್ಕ ಪ್ರಶ್ನೆಯಿದು, ವಿಸ್ತಾರವಾಗಿ ಉತ್ತರಿಸಲು ಯೋಗ್ಯವಾದುದು. 1971ರಲ್ಲಿ ಬಾಂಗ್ಲಾ ನಿರಾಶ್ರಿತರ ಬನಗಾಂವ್ ಶಿಬಿರದಲ್ಲಿ ಕಾಲರಾ ಹಬ್ಬಿ, ರಕ್ತನಾಳಕ್ಕೆ ಕೊಡುವ ದ್ರವವು ಮುಗಿದುಹೋಗುತ್ತಿದ್ದಾಗ, ಡಾ. ದಿಲೀಪ ಮಹಾಲನಬಿಸರು ಉಪ್ಪು, ಗ್ಲುಕೋಸು, ಅಡಿಗೆ ಸೋಡಾಗಳನ್ನು ನೀರಿನಲ್ಲಿ ಕದಡಿ ಡ್ರಮ್ಮುಗಳಲ್ಲಿ ತುಂಬಿಸಿ, ರೋಗಿಗಳ ಬಂಧುಗಳ ಕೈಯಿಂದಲೇ ಕುಡಿಸಿದರು. ನೂರಕ್ಕೆ ಸುಮಾರು 30ರಷ್ಟಿದ್ದ ಮರಣವು 4ಕ್ಕಿಂತ ಕೆಳಗಿಳಿಯಿತು. ಸಕ್ಕರೆಯ ಅಂಶವು ಕರುಳಿನ ಗೋಡೆಯನ್ನು ದಾಟುವಾಗ ಉಪ್ಪನ್ನೂ, ಅದರ ಬೆನ್ನಿಗೆ ನೀರನ್ನೂ ಒಳಕ್ಕೆ ಸೆಳೆದೊಯ್ಯುವುದೇ ಇದರ ಗುಟ್ಟು. 1980ರ ದಶಕದಲ್ಲಿ ಬಾಂಗ್ಲಾದೇಶದ ಬ್ರ್ಯಾಕ್ ಸಂಸ್ಥೆಯ ಕಾರ್ಯಕರ್ತೆಯರು ಮನೆಮನೆಗೆ ನಡೆದು ತಾಯಂದಿರಿಗೆ ಕಲಿಸಿದ್ದು ಚಿಟಿಕೆ ಉಪ್ಪು, ಹಿಡಿ ಬೆಲ್ಲ, ಅರ್ಧ ಸೇರು ನೀರಿನ ಪಾಕವನ್ನೇ. ಹೀಗಾಗಿ ಬೆಲ್ಲವು ಆಗದೆಂದಲ್ಲ. ಉಪ್ಪಿಲ್ಲದ ಬರಿಯ ಪಾನಕ ಸಲ್ಲದು, ಸಿಹಿ ಹೆಚ್ಚಾದರೆ ಭೇದಿಯೂ ಹೆಚ್ಚುವುದು. ಔಷಧದ ಅಂಗಡಿಯ ಓಆರ್‌ಎಸ್ ಪೊಟ್ಟಣವೇ ಎಲ್ಲಕ್ಕಿಂತ ಮೇಲು. ಅದನ್ನು ಪೊಟ್ಟಣದ ಮೇಲೆ ಬರೆದಿರುವಷ್ಟೇ ನೀರಿನಲ್ಲಿ ಕದಡಬೇಕು. ಸಿಕ್ಕದಿದ್ದರೆ ಕುದಿಸಿ ಆರಿಸಿದ ಒಂದು ಲೀಟರ್ ನೀರಿಗೆ ತಲೆತಟ್ಟಿದ ಆರು ಚಹಾ ಚಮಚ ಸಕ್ಕರೆ, ಅರ್ಧ ಚಮಚ ಉಪ್ಪು. ಗುಟುಕು ಗುಟುಕಾಗಿ ಕುಡಿಸಿರಿ. ಊಟವನ್ನಾಗಲಿ ಎದೆಹಾಲನ್ನಾಗಲಿ ನಿಲ್ಲಿಸಬೇಡಿರಿ. ಮಲದಲ್ಲಿ ರಕ್ತ ಕಂಡರೆ, ಕಣ್ಣು ಗುಳಿಬಿದ್ದರೆ, ಮೂತ್ರ ನಿಂತರೆ, ಮಗು ಮಂಕಾದರೆ ತಡಮಾಡದೆ ಆಸ್ಪತ್ರೆಗೆ ಒಯ್ಯಿರಿ.

ಪ್ರಶ್ನೆ: ಬಿಸಿಲು, ಸೊಳ್ಳೆಗಳ ವಿಷಯ?

ಉತ್ತರ: ನಮ್ಮ ಬಿಸಿಲಿಗೆ ಒಗ್ಗಿಕೊಳ್ಳಲು ದೇಹಕ್ಕೆ ಒಂದೆರಡು ವಾರ ಬೇಕು; ಅಲ್ಲಿಯವರೆಗೆ ಮಧ್ಯಾಹ್ನದ ತಿರುಗಾಟ ಬೇಡ. ಗುಡಿಗೆ ಮುಂಜಾನೆಯೇ ಹೋಗಿರಿ, ಕಾದ ಕಲ್ಲಿನ ಮೇಲೆ ಬರಿಗಾಲಿನ ಮಕ್ಕಳ ಅಂಗಾಲು ಸುಡುವುದು. ಡೆಂಗಿಯ ಸೊಳ್ಳೆ ಹಗಲಲ್ಲಿ ಕಚ್ಚುವುದು, ನಾವು ಕೂಡಿಟ್ಟ ತಿಳಿನೀರಿನಲ್ಲಿ ಹುಟ್ಟುವುದು. ಟಾಕಿ, ಬ್ಯಾರಲ್‌ಗಳನ್ನು ವಾರಕ್ಕೊಮ್ಮೆ ಬರಿದುಮಾಡಿ ತಿಕ್ಕಿ ತೊಳೆಯಿರಿ. ಜ್ವರ ಬಂದರೆ ಪ್ಯಾರಾಸಿಟಮಾಲ್ ಹೊರತು ಆಸ್ಪಿರಿನ್, ಐಬುಪ್ರೊಫೆನ್ ಕೊಡಬೇಡಿರಿ. ಲಂಡನ್ನಿಗೆ ಮರಳಿದ ಮೇಲೆ, ತಿಂಗಳುಗಳ ಅನಂತರವೇ ಆಗಲಿ, ಜ್ವರ ಕಾಣಿಸಿಕೊಂಡರೆ ತಾವು ಭಾರತದಲ್ಲಿ ಇದ್ದು ಬಂದ ಸಂಗತಿಯನ್ನು ಅಲ್ಲಿನ ವೈದ್ಯರಿಗೆ ಮೊಟ್ಟಮೊದಲು ತಿಳಿಸುವಂತೆ ಮಗನಿಗೆ ಹೇಳಿ ಕಳುಹಿಸಿರಿ.